ಹಳದಿ ಬೋರ್ಡಿನ ಗಾಡಿಗೆ ನಾನು ತೊಡಿಸಿದ ಕಬ್ಬಿಣ

ನನ್ನ ಹೆಂಡತಿ ಬ್ಯಾಂಕಿನ ಕೆಲಸದಿಂದ ಸ್ವಯಂ ನಿವೃತ್ತಿ ಪಡೆದು ಗಿಡಗಳ ವ್ಯಾಪಾರಕ್ಕೆ ಇಳಿದಾಗ ನಾನು ಹೆದರಲಿಲ್ಲ. ಅಂದರೆ, ನನ್ನ ಮಟ್ಟಕ್ಕೆ ಹೆದರಲಿಲ್ಲ. ಒಂದಷ್ಟು ದಿನ ನಿದ್ದೆ ಕೆಟ್ಟಿತು, ಅಷ್ಟೆ. ಕೊಚ್ಚಿಯ ಕಲೂರಿನಲ್ಲಿರುವ ನಮ್ಮ ಬಾಡಿಗೆ ಮನೆಯ ತಾರಸಿಯ ತುಂಬ ಕುಂಡಗಳು ಬಂದು ಕುಳಿತವು. ಆಮೇಲೆ ಫೋರ್ಟ್ ಕೊಚ್ಚಿಯ ಹೋಟೆಲೊಂದು ಅವಳನ್ನು ಕರೆಸಿಕೊಂಡು, ಪ್ರತಿ ಸೋಮವಾರ ಹೊಸ ಗಿಡ ತಂದಿಟ್ಟು ಬಳಲಿದ ಗಿಡ ವಾಪಸು ಒಯ್ಯಬೇಕು, ಆಗುತ್ತದೆಯೇ ಎಂದು ಕೇಳಿತು. ಆಗುತ್ತದೆ ಎಂದು ಹೇಳಿ ಬಂದವಳು, ಒಂದು ಪಿಕಪ್ ಗಾಡಿ ಬೇಕು, ಓಡಿಸುವುದು ನಾನೇ ಎಂದಳು.

ಆಗ ಹೆದರಿದೆ.

ನಾನಿರುವುದು ತಿರುವನಂತಪುರದಲ್ಲಿ, ಕೇಂದ್ರ ಸರ್ಕಾರದ ಕಚೇರಿಯಲ್ಲಿ. ವಾರದ ಕೊನೆಗೆ ರೈಲು ಹಿಡಿದು ಕೊಚ್ಚಿಗೆ ಬರುವವನು. ಬೇರೆಯವರ ಕಡತಗಳಲ್ಲಿ ಎಲ್ಲಿ ಏನು ಕೆಡಬಹುದು ಎಂದು ಹುಡುಕುವುದೇ ನನ್ನ ಕೆಲಸ. ಹುಟ್ಟಿನಿಂದ ಬಂದ ಆತಂಕಕ್ಕೆ ಸರ್ಕಾರ ಸಂಬಳ ಕೊಡುತ್ತಿದೆ. ಗಾಡಿ ಸಿಕ್ಕಿದ್ದೂ ತಿರುವನಂತಪುರದಲ್ಲೇ, ಸೆಕೆಂಡ್ ಹ್ಯಾಂಡ್. ಸರಕು ಗಾಡಿಯ ಲೈಸೆನ್ಸು, ಇನ್ಶೂರೆನ್ಸಿನ ನಿಯಮಗಳನ್ನೆಲ್ಲ ಓದಿಕೊಂಡು ರಾತ್ರಿಯಾದರೆ ಫೋನ್ ಮಾಡುತ್ತಿದ್ದೆ.

“ಹಳದಿ ಬೋರ್ಡು ಕಣೇ ಅದು. ನಿನ್ನ ಕಾರಿನ ಲೈಸೆನ್ಸ್ ನಡೆಯುತ್ತಾ? ಏನಾದ್ರೂ ಆದ್ರೆ ಇನ್ಶೂರೆನ್ಸ್‌ನೋರು ಕೈ ಎತ್ತಿಬಿಡ್ತಾರೆ.”

ಅವಳು ಕಾಸರಗೋಡಿನವಳು. “ಈ ತೂಕದ ಗಾಡಿಗೆ ಕಾರಿನ ಲೈಸೆನ್ಸೇ ಸಾಕೂಂತ ಸುಪ್ರೀಂ ಕೋರ್ಟೇ ಹೇಳಿ ಆಗಿದೆ ಮಾರಾಯ್ರೆ. ಅದಕ್ಕಿಂತ ದೊಡ್ಡ ಕೋರ್ಟು ನೀವು ಎಂತ?”

“ಪಾಲಿಸಿ ಇನ್ನೂ ಹಳೇ ಓನರ್ ಹೆಸರಲ್ಲಿದೆಯಲ್ಲ?”

“ಗಾಡಿ ತಗೊಂಡ ಹದಿನಾಲ್ಕು ದಿನದ ಒಳಗೆ ನನ್ನ ಹೆಸರಿಗೆ ಮಾಡಿಸ್ಲಿಕ್ಕೆ ಉಂಟು. ಅರ್ಜಿ ಹಾಕಿ ಆಯ್ತು. ನಿಮ್ಮದು ಊಟ ಆಯ್ತಾ?”

ಉಳಿದದ್ದು ಫಿಟ್‌ನೆಸ್ ಪರೀಕ್ಷೆ. ಗಾಡಿ ರಸ್ತೆಗೆ ಯೋಗ್ಯ ಎಂಬ ಆ ಪ್ರಮಾಣಪತ್ರದ ಅವಧಿ ಶನಿವಾರಕ್ಕೆ ಮುಗಿಯುತ್ತಿತ್ತು; ಅದಿಲ್ಲದೆ ಗಾಡಿ ಹೊರಗೆ ತೆಗೆಯುವಂತಿಲ್ಲ. ಕೊಚ್ಚಿಯಲ್ಲಿ ಶುಕ್ರವಾರ ಬೆಳಿಗ್ಗೆಗೆ ಸಮಯ ಸಿಕ್ಕಿತ್ತು. ಸೋಮವಾರ ಗಿಡ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹೋಟೆಲಿನವರು ಮೊದಲೇ ಹೇಳಿಬಿಟ್ಟಿದ್ದರು.

ಆ ವಾರದ ನಡುವೆ, ಯಾರಿಗೂ ಹೇಳದೆ, ನಾನೊಂದು ಕೆಲಸ ಮಾಡಿದೆ. ಕೊಚ್ಚಿಯ ವಲ್ಲಾರ್ಪಾಡಂ ಬಂದರು ರಸ್ತೆಯ ಕಂಟೇನರ್ ಲಾರಿಗಳು ಕಣ್ಣ ಮುಂದೆ ಬಂದು, ಗಾಡಿಯನ್ನು ವರ್ಕ್‌ಶಾಪಿಗೆ ಒಯ್ದು ಅದರ ಮೂತಿಗೆ ದಪ್ಪ ಕಬ್ಬಿಣದ ಗಾರ್ಡ್ ಹಾಕಿಸಿದೆ. ಗುರುವಾರ ಗಾಡಿ ಒಯ್ಯಲು ಬಂದ ಹೆಂಡತಿ ಅದನ್ನು ಬೆರಳಿನಿಂದ ತಟ್ಟಿ ನೋಡಿದಳು.

“ಇದೆಂತ, ಜೈಲಿನ ಬಾಗಿಲಾ?”

“ನಿನ್ನ ರಕ್ಷಣೆಗೆ.”

“ಇದು ಹಾಕ್ಲಿಕ್ಕೆ ಉಂಟಾ?”

“ಕಬ್ಬಿಣ ಹೆಚ್ಚಾಯ್ತು ಅಂತ ಯಾರಾದ್ರೂ ಬೈತಾರಾ?” ಎಂದೆ. ನಿಯಮದ ವಿಷಯದಲ್ಲಿ ಅವಳು ನನ್ನ ಮಾತು ನಂಬಿದ್ದು ಅದೊಂದೇ ಸಲ. ಕೊಚ್ಚಿಯವರೆಗೂ ಅವಳು ಹಾಡು ಗುನುಗುತ್ತ ಓಡಿಸಿದಳು. ನಾನು ಶುಕ್ರವಾರಕ್ಕೆ ರಜೆ ಹಾಕಿ, ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುತ್ತ ಬಂದೆ.

ಮರುದಿನ ಪರೀಕ್ಷೆಯ ಮೈದಾನದಲ್ಲಿ ಇನ್‌ಸ್ಪೆಕ್ಟರ್ ದೀಪ, ಹಾರ್ನ್, ಬ್ರೇಕು, ಹಿಂದಿನ ಹೊಳೆಯುವ ಪಟ್ಟಿ ಎಲ್ಲವನ್ನೂ ನೋಡಿ ತಲೆಯಾಡಿಸಿದರು. ಮುಂದಕ್ಕೆ ಬಂದವರು ನಿಂತರು.

“ಇದ್ ಆರಾ ವೆಚ್ಚದ್?”

ನನ್ನ ಮೈಸೂರು ಕಿವಿಗೆ ಕೇಳಿಸಿದ್ದು ‘ವೆಚ್ಚ’ ಒಂದೇ. ಮಲಯಾಳದಲ್ಲಿ ಮಾತಾಡುವ ಅವಕಾಶ ಬಿಡಬಾರದೆಂದು, “ಏಳಾಯಿರಂ ಸಾರ್! ಫಿಟ್ಟಿಂಗ್ ಸೇರಿ!” ಎಂದು ಏಳು ಸಾವಿರದ ಲೆಕ್ಕ ಒಪ್ಪಿಸಿದೆ, ಹೆಮ್ಮೆಯಿಂದಲೇ.

ಹೆಂಡತಿ ಹಣೆಗೆ ಕೈ ಹಚ್ಚಿಕೊಂಡಳು. ಸರದಿಯಲ್ಲಿದ್ದ ಲಾರಿ ಡ್ರೈವರುಗಳು ನಕ್ಕರು. ಇನ್‌ಸ್ಪೆಕ್ಟರ್ ಕೇಳಿದ್ದು, ಇದನ್ನು ಇಟ್ಟವರು ಯಾರು ಎಂದು. ನಾನು ಉತ್ತರ ಕೊಟ್ಟಂತೆಯೇ ಆಗಿತ್ತು.

ಇನ್‌ಸ್ಪೆಕ್ಟರ್ ಬೈಯಲಿಲ್ಲ, ಬಿಡಿಸಿ ಹೇಳಿದರು. ಡಿಕ್ಕಿಯಾದರೆ ಬಂಪರ್ ತಾನು ಮುರಿದು ಪೆಟ್ಟನ್ನು ನುಂಗಬೇಕು. ಈ ಕಬ್ಬಿಣ ನುಂಗುವುದಿಲ್ಲ, ಒಳಗೆ ಕೂತವರಿಗೇ ದಾಟಿಸುತ್ತದೆ. ಎದುರಿಗೆ ಸಿಕ್ಕ ಪಾದಚಾರಿಯ ಗತಿ ಹೇಳುವುದೇ ಬೇಡ. ಅದಕ್ಕೇ ನಿಷೇಧ. ಹನ್ನೆರಡು ಗಂಟೆಯೊಳಗೆ ತೆಗೆದು ತಂದರೆ ನೋಡುತ್ತೇನೆ, ಇಲ್ಲದಿದ್ದರೆ ಮುಂದಿನ ವಾರ ಎಂದರು.

ಹೆಂಡತಿ ಅವರಿಗೆ ಹೇಳಿದಳು: “ಸಾರೇ, ಇದ್ ವಂಡಿಯುಡೆ ಅಲ್ಲ. ಭರ್ತಾವಿಂಡೆ ಪೇಡಿಯಾ.” ಇದು ಗಾಡಿಯದಲ್ಲ, ಗಂಡನ ಹೆದರಿಕೆ.

ಇನ್‌ಸ್ಪೆಕ್ಟರ್ ಮೊದಲ ಸಲ ನಕ್ಕು ನನ್ನ ಕಡೆ ತಿರುಗಿದರು. “ಪೇಡಿಕ್ಕಂಡ ಸಾರೇ.” ಹೆದರಬೇಡಿ ಎಂದು ಅದರ ಅರ್ಥ. ನನಗೆ ಕೇಳಿಸಿದ್ದು ‘ಹೇಡಿ ಕಂಡ’. ಈ ಸಲ ನನ್ನ ಕಿವಿ ತೀರಾ ತಪ್ಪಿತ್ತು ಎನ್ನಲಾರೆ.

ಅಷ್ಟರಲ್ಲಿ ಅವಳು ಸೀಟಿನ ಹಿಂದಿನಿಂದ ಸ್ಪ್ಯಾನರ್ ತೆಗೆದು, ಗೋಣಿಚೀಲ ಹಾಸಿ, ಗಾಡಿಯ ಕೆಳಗೆ ನುಗ್ಗಿಯಾಗಿತ್ತು. ಮೂವತ್ತು ವರ್ಷ ಎಸಿಯಲ್ಲಿ ಕೂತು ಕೆಲಸ ಮಾಡಿದವಳು. ಒಂದು ಬೋಲ್ಟ್ ಜಪ್ಪಯ್ಯ ಎಂದರೂ ಕದಲಲಿಲ್ಲ. ಪಕ್ಕದ ಲಾರಿಯವನಿಂದ ಕಬ್ಬಿಣದ ಪೈಪು ಇಸಿದುಕೊಂಡು, ಸ್ಪ್ಯಾನರಿನ ಹಿಡಿಗೆ ತೂರಿಸಿ, ಮೈಭಾರ ಬಿಟ್ಟು ಒತ್ತಿದಳು. ನಾನು ಅವಳ ಕೈಚೀಲ ಹಿಡಿದು, ಕಣ್ಣಿಗೆ ತುಕ್ಕು ಬಿದ್ದೀತು ಎಂದೆ.

“ನನ್ನ ಕಣ್ಣು ಇರ್ಲಿ. ನೀವು ಆ ತುದಿ ಹಿಡ್ಕೊಳ್ಳಿ, ಈಗ ಬೀಳ್ತದೆ.”

ಬಿತ್ತು, ನನ್ನ ಕಾಲಿನ ಪಕ್ಕಕ್ಕೆ. ಹನ್ನೆರಡಕ್ಕೆ ಇನ್ನೂ ಹೊತ್ತಿತ್ತು. ಗಾಡಿ ಪಾಸಾಯಿತು.

ಆ ಸಂಜೆ ನಾನು ಬಹಳ ಹೊತ್ತು ತಾರಸಿಯ ಗಿಡಗಳ ನಡುವೆ ಕೂತಿದ್ದೆ. ನನ್ನ ಕಾಳಜಿ ಅವಳ ಎದೆಗೇ ಪೆಟ್ಟು ದಾಟಿಸುವಂತಿತ್ತು; ಯಾವುದೋ ಕಚೇರಿಯಲ್ಲಿ ನನಗಿಂತ ಮೊದಲು, ನನಗಿಂತ ಚೆನ್ನಾಗಿ, ಗುರುತಿಲ್ಲದ ಜನರೆಲ್ಲರ ಪರವಾಗಿ ಯಾರೋ ಚಿಂತೆ ಮಾಡಿ ಒಂದು ಸಾಲು ಬರೆದಿಟ್ಟಿದ್ದರು. ನಿಯಮಗಳನ್ನು ಇಷ್ಟು ವರ್ಷ ಭಯದಿಂದ ಓದಿದ್ದ ನನಗೆ ಅವುಗಳ ಮೇಲೆ ಪ್ರೀತಿ ಹುಟ್ಟಿದ್ದು ಆವತ್ತೇ.

ಸೋಮವಾರವೂ ರಜೆ ಹಾಕಿದೆ. ಗಿಡ ತುಂಬಿದ ಗಾಡಿಯಲ್ಲಿ ಡ್ರೈವರ್ ಸೇರಿ ಇಬ್ಬರಿಗೇ ಜಾಗ. ಪಕ್ಕದ ಸೀಟಿನಲ್ಲಿ ಗಿಡ ಇಳಿಸಲು ಬರುವ ಹೆಂಗಸು ಕೂತಿದ್ದರು.

“ನಾನು ಹಿಂದೆ ಕುಂಡಗಳ ಜೊತೆ ಕೂರ್ತೀನಿ” ಎಂದೆ.

“ಸರಕಿನ ಜಾಗದಲ್ಲಿ ಜನ ಕೂತ್ರೆ ಇನ್ಶೂರೆನ್ಸ್ ಇಲ್ಲ. ಬೋಟಲ್ಲಿ ಬನ್ನಿ” ಎಂದು ಹೊರಟೇಬಿಟ್ಟಳು.

ನಾನು ಹಿನ್ನೀರು ದಾಟಿಸುವ ಬೋಟು ಇಳಿದು ಹೋಟೆಲಿನ ಓಣಿಗೆ ಬರುವಾಗ ಅವಳು ಎರಡು ಹಳೆಯ ಗೋಡೆಗಳ ನಡುವೆ ಗಾಡಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ‘ನಿಧಾನ, ನಿಧಾನ’ ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡೆ. ಎರಡೂ ಕನ್ನಡಿಗಳನ್ನು ನೋಡುತ್ತ, ಒಂದೇ ಬಾರಿಗೆ, ಅಡುಗೆಮನೆಯ ಗೇಟಿಗೆ ಸರಿಯಾಗಿ ತಂದು ನಿಲ್ಲಿಸಿದಳು. ಮ್ಯಾನೇಜರ್ ಹೊರಗೆ ಬಂದು ಗಿಡಗಳನ್ನು ನೋಡಿದರು. ಎಲೆಯೊಂದನ್ನು ಮುಟ್ಟಿದರು. ಮುಂದಿನ ವಾರವೂ ಇದೇ ಹೊತ್ತಿಗೆ ಬರುತ್ತೀರಾ ಎಂದರು.

“ವರುಂ” ಎಂದಳು. ಬರ್ತೇನೆ.

ಆಮೇಲೆ ನನ್ನ ಕಡೆ ತಿರುಗಿ, “ನಿಂತು ನೋಡ್ಲಿಕ್ಕೆ ರಜೆ ಹಾಕಿದ್ದಾ? ಆ ಆಂಥೂರಿಯಂ ಹಿಡೀರಿ” ಎಂದಳು.

ಕುಂಡ ಎತ್ತಿಕೊಂಡೆ. ಒಳಗೆ ಹೋಗುವ ಮುಂಚೆ, ಹ್ಯಾಂಡ್‌ಬ್ರೇಕ್ ಎಳೆದಿದೆಯೇ ಎಂದು ಗಾಡಿಯ ಕಿಟಕಿಯಲ್ಲಿ ಒಮ್ಮೆ ಇಣುಕಿದೆ. ಎಳೆದಿತ್ತು.