ರವಿಕೆಯ ಹಿಂದೆ ಮುಂದೆ

ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಳತೆಗೆಂದು ಹಳೆಯ ಪೇಪರಿನಲ್ಲಿ ಕತ್ತರಿಸಿಟ್ಟುಕೊಳ್ಳುವ ರವಿಕೆಯ ನಮೂನೆಗಳನ್ನು ನೀವೂ ಕಂಡಿರಬಹುದು. ಸಾಗರದ ನಮ್ಮ ಮನೆಯಲ್ಲಿ, ಅಮ್ಮ ತೀರಿಕೊಂಡ ಮೇಲೆ, ಸೀರೆಯಂಚಿನ ಪಟ್ಟಿಯಿಂದ ಬಿಗಿದ ಅಂಥದೊಂದು ಸುರುಳಿ ಅವಳ ಟ್ರಂಕಿನ ತಳದಲ್ಲಿ ಸಿಕ್ಕಿತು. ಬೇರೆಯವರಾಗಿದ್ದರೆ ಒಲೆಗೆ ಹಾಕುತ್ತಿದ್ದರೇನೋ. ನಾನು ಅದರ ವಯಸ್ಸು ಕಂಡುಹಿಡಿಯಲು ಕುಳಿತೆ.

ಅದಕ್ಕೆ ಕಾರಣವಿತ್ತು. ಹೊಸನಗರದ ನನ್ನ ಸೋದರತ್ತೆ ನಾನು ಊಟಕ್ಕೆ ಕುಳಿತಾಗಲೆಲ್ಲ ತುಪ್ಪ ಬಡಿಸುತ್ತ, ಅಕ್ಕರೆಯಿಂದಲೇ ಹೇಳುವ ಮಾತೊಂದಿದೆ: “ಎಷ್ಟು ಚಂದ ಹೊಲೀತಿದ್ಲು ನಿಮ್ಮಮ್ಮ. ನೀ ಹುಟ್ಟಿದ್ಮೇಲೆ ಮಷಿನ್ ಮುಟ್ಲೇ ಇಲ್ಲ ನೋಡು.” ನಾನು ಸದಾ ಕಾಯಿಲೆ ಬೀಳುತ್ತಿದ್ದ ಮಗು. ಮಷಿನ್ನು ಇದ್ದದ್ದು ಲಾಂಚಿನಲ್ಲಿ ಹಿನ್ನೀರು ದಾಟಿ ಹೋಗಬೇಕಾದ ಬ್ಯಾಕೋಡಿನ ಅಜ್ಜಿಮನೆಯಲ್ಲಿ. ಅಮ್ಮ ಅದರ ಮುಂದೆ ಕುಳಿತದ್ದನ್ನು ನಾನು ಕಂಡಿರಲಿಲ್ಲ. ಅವಳ ಕೈಯ ಕತ್ತರಿಯನ್ನು ಕಿತ್ತುಕೊಂಡವನು ನಾನೇ ಎಂಬ ನೋವು ಆ ತುಪ್ಪದೊಂದಿಗೆ ಗಂಟಲಲ್ಲೇ ಉಳಿದುಬಿಟ್ಟಿತ್ತು.

ಕೊರಳಿನ ಆಕಾರ ನೋಡಿ ಕಾಲ ಹೇಳೋಣವೆಂದರೆ ಫ್ಯಾಷನ್ನು ಹೋದ ದಾರಿಯಲ್ಲೇ ಮರಳಿ ಬರುತ್ತದೆ. ಅಂದಿನ ಪಫ್ ತೋಳು ಇಂದು ತೀರ್ಥಹಳ್ಳಿಯ ಮದುವೆಮನೆಗಳಲ್ಲಿ ಹೊಸದೆಂಬಂತೆ ಓಡಾಡುತ್ತಿದೆ. ಪೇಪರಿನ ತಾರೀಕು ಹುಡುಕೋಣವೆಂದರೆ ಕತ್ತರಿ ಅದನ್ನು ಉಳಿಸಿಲ್ಲ. ಉಳಿಸಿದ್ದರೂ, ವರ್ಷಗಟ್ಟಲೆ ಪೇಪರು ಕೂಡಿಡುವ ಮನೆಯಲ್ಲಿ ಕಾಗದದ ವಯಸ್ಸು ಬೇರೆ, ಕತ್ತರಿಸಿದ ದಿನ ಬೇರೆ. ಅಷ್ಟರಲ್ಲಿ ಅಮ್ಮನ ಕೈಬರಹ ಕಣ್ಣಿಗೆ ಬಿತ್ತು. ಕೆಲವು ತುಂಡುಗಳ ಮೇಲೆ ‘ಹಿಂದೆ’, ಇನ್ನು ಕೆಲವುಗಳ ಮೇಲೆ ‘ಮುಂದೆ’. ಪುಣ್ಯಾತ್ಗಿತ್ತಿ ತಾನೇ ಕಾಲಾನುಕ್ರಮ ಬರೆದಿಟ್ಟಿದ್ದಾಳೆಂದು ಹಿಗ್ಗಿ, ಹಿಂದೆಮುಂದೆ ನೋಡದೆ ಎರಡು ರಾಶಿ ಮಾಡಿದೆ: ನಾನು ಹುಟ್ಟುವುದಕ್ಕಿಂತ ಹಿಂದಿನವು, ಆಮೇಲಿನವು.

ಕಾಫಿ ತಂದ ನನ್ನ ಹೆಂಡತಿ ಸರಳಾ ರಾಶಿಗಳ ವಿಚಾರ ಕೇಳಿ ನಗು ತಡೆಯಲಾರದೆ ಅಲ್ಲೇ ಕುಳಿತಳು. “ರೀ, ಹಿಂದೆ ಅಂದ್ರೆ ಬೆನ್ನು, ಮುಂದೆ ಅಂದ್ರೆ ಎದೆ. ರವಿಕೆಗೆ ಎರಡೂ ಬೇಕಲ್ರೀ.”

ನನ್ನ ಸಂಶೋಧನೆ ಅಲ್ಲಿಗೆ ಮಣ್ಣುಪಾಲಾಯಿತು. ಅವಳು ಮಾತ್ರ ಬೆನ್ನಿಗೊಂದು ಎದೆ ಹುಡುಕಿ, ಹೆಗಲಿಗೆ ಹೆಗಲು ಕೂಡಿಸುತ್ತ ಹೋದಳು. ‘ಮುಂದೆ’ ಎಂದಿದ್ದ ಒಂದು ದಪ್ಪ ತುಂಡನ್ನು ಮಗುಚಿದಾಗ ಬಣ್ಣ ಕಂಡಿತು. ನೀಲಿ ನೀರು, ಅದರ ಮೇಲೆ ಲಾಂಚು, ಲಾಂಚಿನೊಳಗೆ ಕೆಂಪು ಬಸ್ಸು. ಕೊರಳಿನ ತಿರುವು ಸೂರ್ಯನನ್ನು ಅರ್ಧ ನುಂಗಿತ್ತು. ಮೂಲೆಯಲ್ಲಿ ಸೊಟ್ಟ ಅಕ್ಷರಗಳಲ್ಲಿ ನನ್ನ ಹೆಸರು, ಎರಡನೇ ಕ್ಲಾಸು. ಚಿತ್ರ ಬಿಡಿಸುವ ಮೊದಲು ಅದನ್ನು ಕತ್ತರಿಸಲು ಯಾರಿಂದಲೂ ಆಗದು; ಅಂದರೆ ಈ ಕತ್ತರಿ ಆಡಿದ್ದು ನಾನು ಹುಟ್ಟಿ ಎಷ್ಟೋ ವರ್ಷಗಳ ಮೇಲೆ.

ಅಳತೆ ಯಾರದೆಂದು ಕೇಳಿದೆ. ಸರಳಾ ಟ್ರಂಕಿನಲ್ಲಿದ್ದ ಅಮ್ಮನ ರವಿಕೆಯೊಂದನ್ನು ಅದರ ಮೇಲೆ ಹರಡಿ ನೋಡಿ, “ನಿಮ್ಮಮ್ಮಂದೇ,” ಎಂದಳು.

ಬೇಸಿಗೆ ರಜೆಯಲ್ಲಿ ನಾನು ದಡದಲ್ಲಿ ಕುಳಿತು ಲಾಂಚಿನ ದಾರಿ ಕಾಯುತ್ತಿದ್ದಾಗ, ಅಜ್ಜಿಮನೆಯೊಳಗೆ ಅಮ್ಮ ತನಗಾಗಿ ಹೊಲಿದುಕೊಳ್ಳುತ್ತಿದ್ದಳು! ಚಿತ್ರಕ್ಕೆ ಕಟ್ಟು ಹಾಕಿಸದೆ ಕತ್ತರಿ ಹಾಕಿದಳಲ್ಲ ಎಂದು ಬೇರೆ ಮಗನಾದರೆ ಮುನಿಯಬಹುದು. ನನಗೆ ಎದೆ ಹಗುರಾಗಿ ಕುಣಿಯುವಂತಾಯಿತು.

ಎರಡೂ ರಾಶಿಗಳನ್ನು ಒಂದಾಗಿ ಸುತ್ತಿ ಅದೇ ಅಂಚಿನ ಪಟ್ಟಿ ಬಿಗಿದೆ. ಲಾಂಚಿನ ತುಂಡನ್ನು ಮಾತ್ರ ಹೊರಗಿಟ್ಟುಕೊಂಡಿದ್ದೇನೆ. ಹೊಸನಗರಕ್ಕೆ ಹೋದಾಗ, ಅತ್ತೆ ತುಪ್ಪದ ಚಮಚ ಎತ್ತುವ ಮೊದಲೇ ಅದನ್ನು ಎಲೆಯ ಪಕ್ಕ ಬಿಡಿಸಿಡಬೇಕು. ಆಮೇಲೆ ಅವರು ಎಷ್ಟು ಬೇಕಾದರೂ ಬಡಿಸಲಿ.