ಉಮ್ ಸಕರ್ ಕಾಫಿ ಕುಡಿಯದೆ ಕೂತದ್ದು

ಜೋರ್ಡಾನಿನ ನಮ್ಮ ಸಲ್ತ್ ಊರಿನಲ್ಲಿ ಉಮ್ ಸಕರ್ ನಕ್ಕರೆ ಎದುರು ಗುಡ್ಡದ ಕತ್ತೆಗಳು ಕಿವಿ ನಿಮಿರಿಸುತ್ತವೆ. ಒಮ್ಮೆ ಅವಳ ನಗುವಿಗೆ ಮಸೀದಿಯ ಪಾರಿವಾಳಗಳು ಎದ್ದು ಹಾರಿದವು. ಮತ್ತೆ ಇಳಿದದ್ದು ಡಮಾಸ್ಕಸ್ಸಿನಲ್ಲಂತೆ. ಅವಳ ಮನೆಯ ಮೆಟ್ಟಿಲ ಕೆಳಗೇ ನನ್ನ ಕ್ಷೌರದಂಗಡಿ. ಆ ನಗುವಿನ ಕೆಳಗೆ ಇಷ್ಟು ವರ್ಷ ಕತ್ತಿ ಹಿಡಿದೂ ಗಿರಾಕಿಗಳ ಕಿವಿ ಉಳಿಸಿದ್ದೇನೆ. ಅದಕ್ಕಿಂತ ದೊಡ್ಡ ಬಿರುದು ನನಗೆ ಬೇಡ.

ಇಂಥವಳನ್ನು ಹುಡುಕಿಕೊಂಡು ಲಂಡನ್ನಿನಿಂದ ನುಹಾ ಬಂದಳು. ನುಹಾ ನಮ್ಮವಳೇ, ಎದುರು ಮನೆ ಬಹಿಯಾಳ ಅಣ್ಣನ ಮಗಳು. ಅಲ್ಲಿಯ ಟೀವಿಯವರಿಗೆ ಅರಬ್ ಹೆಂಗಸರ ಬಗ್ಗೆ ಏನು ಅನುಮಾನ ಬಂದರೂ ಇವಳನ್ನೇ ಕೂರಿಸಿ ಕೇಳುತ್ತಾರೆ. ಮುಸುಕು ಎಂದರೂ ನುಹಾ, ಮದುವೆ ಎಂದರೂ ನುಹಾ, ಎಲ್ಲೋ ಮರಳುಗಾಳಿ ಎದ್ದರೂ ನುಹಾ. ಪಾಪ, ಕೋಟಿಗಟ್ಟಲೆ ಹೆಂಗಸರನ್ನು ಒಂದೇ ಹೆಗಲ ಮೇಲೆ ಹೊತ್ತು ಹುಡುಗಿ ಸೊರಗಿಹೋಗಿದ್ದಳು. ಈ ಸಲ ಸಾಮಾನ್ಯ ಹೆಂಗಸೊಬ್ಬಳ ಬದುಕು ತೋರಿಸಬೇಕೆಂದು ಉಮ್ ಸಕರಳ ಅಡುಗೆಮನೆಯಲ್ಲಿ ಕ್ಯಾಮೆರಾ ನಿಲ್ಲಿಸಿದಳು.

"ನಿಮ್ಮ ಯಜಮಾನರ ವಿಷಯ ಹೇಳಿ, ಚಿಕ್ಕಮ್ಮ," ಎಂದಳು.

ಉಮ್ ಸಕರ್ ಯಾರಿಗೂ ಹೇಳದಿದ್ದ ಸಂಗತಿ ಹೇಳಿಬಿಟ್ಟಳು. ಮದುವೆಯಾದ ಹೊಸದು. ಗಂಡನ ಬಳಗಕ್ಕೆಲ್ಲ ಮನ್ಸಫ್ ಊಟ. ಕುರಿಮಾಂಸ, ಅನ್ನ ಎಲ್ಲ ಸಿದ್ಧ. ಮೇಲೆ ಸುರಿಯಬೇಕಾದ ಒಣಮೊಸರಿನ ಸಾರು ಅವಳ ಕೈಯಲ್ಲಿ ಒಡೆದುಹೋಯಿತು. ಹೊರಗೆ ನೆಂಟರು, ಬಾಗಿಲಲ್ಲಿ ಅತ್ತೆಯ ಕೆಮ್ಮು. ಆಗ ಒಳಗೆ ಬಂದ ಗಂಡ ಅಬು ಸಕರ್ ಪಾತ್ರೆ ನೋಡಿದ, ಹೆಂಡತಿಯ ಮುಖ ನೋಡಿದ. ಪಾತ್ರೆ ಎತ್ತಿಕೊಂಡು ಹೋಗಿ ನೆಂಟರ ಮುಂದೆಯೇ ಬೇಕೆಂದು ಎಡವಿ ಬಿದ್ದ. ಕುದಿಯುವ ಸಾರೆಲ್ಲ ಅವನ ಕಾಲ ಮೇಲೆ. ಬಳಗ ಮಗನ ಹೆಡ್ಡತನವನ್ನು ಬೈದು ಬರೀ ಅನ್ನ, ಮಾಂಸ ತಿಂದು ಹೋಯಿತು. ಸೊಸೆಯ ಸಾರಿಗೆ ಯಾರೂ ಕುಂದು ಹೇಳಲಿಲ್ಲ. ಅವನು ಸಾಯುವ ತನಕ ಕುಂಟಿದ, ಗುಟ್ಟು ಬಿಡಲಿಲ್ಲ. ಅವನು ಬಿದ್ದ ಚಂದವನ್ನು ಅಭಿನಯಿಸಿ ತೋರಿಸುತ್ತ ಉಮ್ ಸಕರ್ ಎಷ್ಟು ನಕ್ಕಳೆಂದರೆ ಕಣ್ಣಿನಿಂದ ಜೋರ್ಡಾನ್ ನದಿಯೇ ಹರಿಯಿತು.

ವಾರ ಕಳೆದ ಮೇಲೆ ಬಹಿಯಾ ಏದುಸಿರು ಬಿಡುತ್ತ ಓಡಿಬಂದಳು.

"ನುಹಾಳ ಕಂಪ್ಯೂಟರಲ್ಲಿ ನೋಡ್ದೆ ಕಣೇ! ನಿನ್ನ ಮಾತು ಒಂದೂ ಇಲ್ಲ, ನಗೂನೂ ಇಲ್ಲ. ಬರೀ ಕಣ್ಣೀರು. ಹಿಂದೆ ಪಿಟೀಲು ಬೇರೆ ಕುಯ್ತಾರೆ. 'ಸಂಸಾರದ ದಿನಗಳನ್ನ ನೆನೆದು ಈಕೆ ಇವತ್ತಿಗೂ ಅಳ್ತಾಳೆ' ಅಂತಾಳೆ ನಮ್ಮ ಹುಡುಗಿ."

"ನೋಡಿದವ್ರು ಏನು ತಿಳ್ಕೊತಾರೆ?"

"ಇನ್ನೇನು, ಗಂಡ ಹೊಡೀತಿದ್ದ ಅಂತ."

ಉಮ್ ಸಕರ್ ಮೆಟ್ಟಿಲ ಮೇಲೇ ಕೂತುಬಿಟ್ಟಳು. "ನನ್ನ ಮಾನ ಉಳಿಸೋಕೆ ಕಾಲು ಸುಟ್ಕೊಂಡವ್ರು ಅವ್ರು. ಈಗ ನನ್ನ ಕಣ್ಣೀರಿಂದಾನೇ ಲೋಕದ ಮುಂದೆ ಅವ್ರ ಮಾನ ಹೋಗ್ಬೇಕಾ?" ಗೋಡೆ ಹಿಡಿದು ಎದ್ದಳು. "ನ್ಯಾಯ ಕೇಳೋಕೆ ನುಹಾ ಹತ್ರ ಹೋಗ್ತೀನಿ. ಹಿರಿಯರ ಜೊತೆ, ಕ್ರಮವಾಗಿ."

"ಹಾಗೆ ಗುಂಪು ಕಟ್ಕೊಂಡು ನ್ಯಾಯ ಕೇಳೋಕೆ ಹೋಗೋದು ಗಂಡಸರ ಕೆಲಸ," ಎಂದೆ ನಾನು ಅಂಗಡಿ ಬಾಗಿಲಿಂದ.

"ನೀವು ಹೋದ್ರೆ ಮೀಸೆ ತೀಡೋದ್ರಲ್ಲೇ ಬೆಳಗಾಗುತ್ತೆ, ಅಬು ಅದ್ನಾನ್. ಆಗ್ಲಿ, ಶಾಸ್ತ್ರಕ್ಕೆ ಒಂದು ಮೀಸೆ ಇರ್ಲಿ. ನಡೀರಿ."

ಹೀಗೆ ಓಣಿಯ ಮುದುಕಿಯರೂ ಒಂದು ಮೀಸೆಯೂ ಬಹಿಯಾಳ ಮನೆಗೆ ಹೊರಟೆವು. ಎಲ್ಲರ ವಯಸ್ಸು ಕೂಡಿಸಿದರೆ ರೋಮನ್ನರ ಕಾಲ ಮುಟ್ಟುತ್ತಿತ್ತು. ನುಹಾ ಕಾಫಿ ಬಗ್ಗಿಸಿ ಕೊಟ್ಟಳು. ಉಮ್ ಸಕರ್ ಬಟ್ಟಲನ್ನು ತುಟಿಗೆ ತಾಗಿಸದೆ ಕೆಳಗಿಟ್ಟಳು. ಎಲ್ಲರೂ ಇಟ್ಟರು. ಕೇಳಲು ಬಂದವರು ಹಾಗೆ ಇಟ್ಟ ಮೇಲೆ, 'ನಿಮ್ಮ ಮಾತು ನಡೆಯಿತು' ಎನ್ನುವ ತನಕ ಮನೆಯವರ ಮಾನ ಆ ಬಟ್ಟಲಲ್ಲಿ ತೇಲುತ್ತಿರುತ್ತದೆ. ಲಂಡನ್ನಿನಲ್ಲಿ ಬೆಳೆದರೂ ನುಹಾಗೆ ಅದು ಗೊತ್ತಿತ್ತು. "ನಾನು ನಕ್ಕಿದ್ದನ್ನ ವಾಪಸ್ ಹಾಕು, ಮಗಳೇ," ಎಂದಳು ಉಮ್ ಸಕರ್.

"ನನ್ನ ಕೈಲಿಲ್ಲ, ಚಿಕ್ಕಮ್ಮ. ಮೊದಲು ನೀವು ನಕ್ಕಿದ್ದನ್ನೇ ಕಳಿಸಿದ್ದೆ. 'ಇದನ್ನ ಇಲ್ಲಿ ಯಾರೂ ನಂಬಲ್ಲ' ಅಂದ್ರು ಮೇಲಿನವರು. ಹಟ ಮಾಡಿದ್ರೆ ನನ್ನ ಕುರ್ಚೀಲಿ ಬೇರೆಯವರನ್ನ ಕೂರಿಸ್ತಾರೆ. ಆಮೇಲೆ ನಮ್ಮ ವಿಷಯ ಯಾರೋ ಹೊರಗಿನವಳು ಮಾತಾಡ್ತಾಳೆ."

"ಈಗ ಮಾತಾಡ್ತಿರೋಳು ಯಾವ ಕಡೆಯವಳು, ಮಗಳೇ?"

ಉಮ್ ಸಕರ್ ಕುಟುಕುವಂತೆ ಕೇಳಲಿಲ್ಲ, ಉಂಡೆಯಾ ಎಂದು ಮಗುವನ್ನು ಕೇಳುವ ಹಾಗೆ ಕೇಳಿದಳು. ಬಹಿಯಾ ಸೂರು ನೋಡುತ್ತಿದ್ದಳು. ಏಲಕ್ಕಿಯ ಘಮ ಆರಿಹೋಯಿತು. ಆಸೆ ತಡೆಯದೆ ನನ್ನ ಕೈ ಬಟ್ಟಲ ಕಡೆ ಜಾರಿದಾಗ ಉಮ್ ಸಕರಳ ಮೊಣಕೈ ನನ್ನ ಪಕ್ಕೆಗೆ ಬಿತ್ತು. ಮಳೆ ಬರುವಾಗ ಈಗಲೂ ನೋಯುತ್ತದೆ.

ಕೊನೆಗೆ ನುಹಾ ಫೋನು ಹಿಡಿದು ಅಂಗಳಕ್ಕೆ ಹೋದಳು. ಇಂಗ್ಲಿಷಿನ ಜಗಳ ಬಹಿಯಾಳನ್ನು ಬಿಟ್ಟು ನಮಗ್ಯಾರಿಗೂ ತಿಳಿಯಲಿಲ್ಲ. ಮೊದಮೊದಲು ಮೆತ್ತಗಿತ್ತು. ಬರಬರುತ್ತ ಧ್ವನಿ ಏರಿದಾಗ ಮಾತ್ರ ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿದರು: ಥೇಟ್ ಅವಳ ಅಜ್ಜಿ ತರಕಾರಿಯವನ ಜೊತೆ ಜಗಳಕ್ಕೆ ನಿಂತ ಹಾಗೆ! ಒಳಗೆ ಬಂದವಳೇ ಬಟ್ಟಲುಗಳನ್ನು ನಮ್ಮ ಮುಂದೆ ಸರಿಸಿದಳು.

"ಕುಡೀರಿ. ನಿಮ್ಮ ಮಾತು ನಡೀತು."

"ನಿನ್ನ ಕುರ್ಚಿ?"

"ಗೊತ್ತಿಲ್ಲ, ಚಿಕ್ಕಮ್ಮ."

ಉಮ್ ಸಕರ್ ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಅವಳನ್ನು ಪಕ್ಕಕ್ಕೆ ಎಳೆದುಕೊಂಡು ಕೂರಿಸಿದಳು. "ಕುರ್ಚಿ ಹೋದ್ರೆ ಹೋಗ್ಲಿ. ನಮ್ಮನೇಲಿ ಹಾಸಿಗೆ ಇದೆ, ಬಾ. ಮೊದಲು ಎರಡು ತುತ್ತು ತಿನ್ನು, ಒಣಗಿದ ಕಡ್ಡಿ ಆಗಿದ್ದೀಯ."

ಕುರ್ಚಿ ಹೋಗಲಿಲ್ಲ, ಸ್ವಲ್ಪ ಮೂಲೆಗೆ ಸರಿಸಿದ್ದಾರಂತೆ. ಚಳಿಗಾಲದ ಒಂದು ಸಂಜೆ ಬಹಿಯಾಳ ಮನೆಯಲ್ಲಿ ಎಲ್ಲರೂ ಕಾರ್ಯಕ್ರಮ ನೋಡಿದೆವು. ಪರದೆಯ ಮೇಲೆ ಉಮ್ ಸಕರ್ ಎಡವಿದಳು, ನಕ್ಕಳು, ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಮೇಲೆ ನುಹಾಳ ದನಿ ಇಂಗ್ಲಿಷಿನಲ್ಲಿ ಏನೋ ಹೇಳಿತು.

"ಏನಂದ್ಳು?" ಉಮ್ ಸಕರ್ ಕೇಳಿದಳು.

"'ಇವರ ಗಂಡ ಬಹಳ ಒಳ್ಳೆಯವರು' ಅಂದ್ಳು," ಎಂದಳು ಬಹಿಯಾ.

"ಅಷ್ಟೇನಾ? ಸಾರು ಕಾಲ ಮೇಲೆ ಬಿದ್ದಾಗ 'ಅಮ್ಮಾ' ಅಂತಾನೂ ಅನ್ಲಿಲ್ಲ ಅವ್ರು, ಬಿದ್ದಲ್ಲಿಂದಲೇ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ್ರು. ಅದನ್ನ ಯಾಕೆ ಹೇಳ್ಲಿಲ್ಲ?"

"ನೀನು ಹೇಳಿದ್ರೆ ತಾನೇ ಅವಳು ಹೇಳೋದು!"

ಉಮ್ ಸಕರ್ ತಲೆವಸ್ತ್ರ ಸರಿಮಾಡಿಕೊಂಡಳು.

"ಬಿಡು," ಎಂದಳು. "ಅದೊಂದು ನನಗೇ ಇರ್ಲಿ."