ಶಾಂತವ್ವನ ವಿಳಾಸ

ಕೂಲಿಕಾರರ ಮಕ್ಕಳಿಗೆಂದು ಮೀಸಲಿಟ್ಟ ಸೀಟುಗಳನ್ನು ನಮ್ಮವರೇ ಆದ ಕನ್ನಡಿಗರು ಇಲ್ಲಿ ನಡೆಸುವ ಶಾಲೆ ಹೋಟೆಲ್ ಮಾಲೀಕರ ಮಕ್ಕಳಿಗೆ ಹಂಚಿತು. "ಬಡವರು ಯಾರೂ ಅರ್ಜಿ ಹಾಕಲಿಲ್ಲ" ಎಂದು ಬಾಗಿಲಿಗೆ ಚೀಟಿಯನ್ನೂ ಅಂಟಿಸಿತು. ಎಮರ್ಜೆನ್ಸಿ ಹೋದರೂ ಇವರ ದರ್ಬಾರು ಹೋಗಿಲ್ಲ.

ಕಲ್ಯಾಣ ರೈಲು ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುವ ನಾನು ಒಂದು ದಿನ ಕೆಲಸ ಬಿಟ್ಟು, ಗಾರೆ ಕೆಲಸದ ಶಾಂತವ್ವನನ್ನೂ ಅವಳ ಮಗಳನ್ನೂ ಡೊಂಬಿವಲಿಯ ಆ ಶಾಲೆಗೆ ಕರೆದೊಯ್ದಿದ್ದೆ. ಅರ್ಜಿ ಹಾಕಲು ಅದೇ ಕೊನೆಯ ದಿನ.

"ರೇಷನ್ ಕಾರ್ಡ್ ಎಲ್ಲಿ? ಒಂದು ವಿಳಾಸ ಬೇಕಲ್ಲ ಮಾರಾಯ್ರೆ," ಎಂದ ಗುಮಾಸ್ತ.

ಕಟ್ಟಡ ಕಟ್ಟುವವರು ಅದು ಮುಗಿಯುವವರೆಗೆ ಅದರೊಳಗೇ ಇರುತ್ತಾರೆ. ಗೋಡೆಗೆ ಬಣ್ಣ ಬಿದ್ದ ದಿನ ಗಂಟುಮೂಟೆ ಹೊತ್ತು ಹೊರಡುತ್ತಾರೆ. ಅವರಿಗೆ ಕಾರ್ಡ್ ಕೊಡುವವರು ಯಾರು?

ಶಾಂತವ್ವ ಗೋಡೆ ತಟ್ಟಿದಳು. "ಇದನ್ನ ಬರಕೋರಿ ಸಾಹೇಬ್ರ. ಈ ಸಾಲಿ ಕಟ್ಟೂಮುಂದ ಒಂದ್ ವರ್ಸ ಇಲ್ಲೇ ಇದ್ವಿ. ನೀವು ಕುಂತಲ್ಲೇ ನಮ್ಮ ಒಲಿ ಇತ್ತು. ಈಕಿ ಹುಟ್ಟಿದ್ದು ಹೆಡ್‌ಮಾಸ್ತರ ಕೋಣ್ಯಾಗ."

ಗುಮಾಸ್ತ ಕಾಲು ಸುಟ್ಟುಕೊಂಡವನಂತೆ ಎರಡೂ ಪಾದ ಎತ್ತಿದ. "ಹಾಗಾದ್ರೆ ಹೆಡ್‌ಮಾಸ್ಟ್ರೇ ನಿಮಗೆ ಬಾಡಿಗೆ ಕೊಡಬೇಕಲ್ಲ!" ಎಂದು ನಕ್ಕ.

"ಬಾಡಿಗಿ ಬ್ಯಾಡ್ರಿ. ಒಂದ್ ಬೆಂಚ್ ಕೊಡ್ರಿ."

ಅವನ ನಗು ನಿಂತಿತು. ಆದರೂ ರೂಲ್ಸ್ ಎಂದು ಫಾರಂ ವಾಪಸ್ ಕೊಟ್ಟ. ಮರುದಿನವೇ ಬಾಗಿಲಿಗೆ ಆ ಚೀಟಿ ಬಿತ್ತು.

ನಮ್ಮ ಕೂಲಿಕಾರರ ಸಂಘದ ಸದಸ್ಯರೇ, ಸೋಮವಾರ ಶಾಲೆ ಶುರುವಾಗುತ್ತದೆ. ಭಾಷಣ ಸಾಕು. ಹೋಗಿ ಆ ಫಾರಂನಿಂದ ವಿಳಾಸದ ಸಾಲು ತೆಗೆಸಿ. ಶಾಂತವ್ವನ ಮಗಳು ಒಂದನೇ ಕ್ಲಾಸಿನಲ್ಲಿ ಕೂರುವವರೆಗೆ ಶಾಲೆಯ ಆಫೀಸಿನಿಂದ ಕದಲಬೇಡಿ.